ಇದ್ದಿಲು ಹಿಡಿದು ಬಂದ ವರ

ನ್ಯಾಮತಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದ ನಮ್ಮಪ್ಪ ಇಂಗ್ಲೆಂಡನ್ನು ನೋಡಿದವರಲ್ಲ. ನೋಡಿದ್ದರೆ ಅಷ್ಟು ಪ್ರೀತಿ ಇರುತ್ತಿರಲಿಲ್ಲವೇನೋ. ಅವರ ಬಳಿ ಇಂಗ್ಲಿಷರ ಹಬ್ಬಹರಿದಿನಗಳ ಬಗ್ಗೆ ರಟ್ಟು ಕಿತ್ತುಹೋದ ಪುಸ್ತಕವೊಂದಿತ್ತು. ಎಪ್ಪತ್ತರ ದಶಕದುದ್ದಕ್ಕೂ ನಮ್ಮ ಮನೆಯಲ್ಲಿ ಅದರದ್ದೇ ದರ್ಬಾರು. ಈಸ್ಟರಿಗೆ ಮೊಟ್ಟೆಗೆ ಬಣ್ಣ ಹಚ್ಚಬೇಕೆಂದು ಅದರಲ್ಲಿತ್ತು. ಮೊಟ್ಟೆ ಹೊಸ್ತಿಲು ದಾಟಲು ಅಜ್ಜಿ ಬಿಡಲಿಲ್ಲವಾಗಿ ಅಪ್ಪ ಆಲೂಗಡ್ಡೆಗೆ ಹಚ್ಚಿದರು. ಮರುದಿನ ಅಮ್ಮ ಅದನ್ನೇ ತಿಕ್ಕಿ ತಿಕ್ಕಿ ತೊಳೆದು ಪಲ್ಯ ಮಾಡಿದಳು. ಪಲ್ಯ ಸ್ವಲ್ಪ ನೀಲಿಯಾಗಿತ್ತು.

ಅಪ್ಪ ಎಲ್ಲಕ್ಕಿಂತ ಗಟ್ಟಿಯಾಗಿ ಹಿಡಿದದ್ದು ಜನವರಿ ಒಂದರ ಪದ್ಧತಿಯನ್ನು. ಇಂಗ್ಲೆಂಡಿನ ಉತ್ತರದ ಊರುಗಳಲ್ಲಿ ಹೊಸ ವರ್ಷಕ್ಕೆ ಮನೆಯೊಳಗೆ ಮೊದಲು ಕಾಲಿಡುವವನು ಕಪ್ಪು ಕೂದಲಿನ ಗಂಡಸಾಗಿರಬೇಕಂತೆ, ಕೈಯಲ್ಲಿ ಇದ್ದಿಲು, ರೊಟ್ಟಿ, ಉಪ್ಪು ಇರಬೇಕಂತೆ. ಹೆಂಗಸು ಮೊದಲು ಬಂದರೆ ಕೇಡಂತೆ. ನಮ್ಮೂರಲ್ಲಿ ಎಲ್ಲರ ಕೂದಲೂ ಕಪ್ಪೇ, ಆರಿಸುವುದು ಹೇಗೆ? ಮೈಬಣ್ಣವೂ ಕಪ್ಪಗಿದ್ದರೆ ಇನ್ನೂ ಶ್ರೇಷ್ಠ ಎಂದು ಅಪ್ಪ ತಾವೇ ತೀರ್ಮಾನಿಸಿದರು. ಗೋವಿನಕೋವಿಯಿಂದ ಹಾಲು ತರುತ್ತಿದ್ದವನು ಪ್ರತಿ ವರ್ಷ ಇದ್ದಿಲು ಹಿಡಿದು ಒಳಗೆ ಬಂದು, ಕಾಫಿ ಕುಡಿದು, ನಗುತ್ತಾ ಹೋಗುತ್ತಿದ್ದ. ಯುಗಾದಿ ಇನ್ನೂ ಮೂರು ತಿಂಗಳಿರುವಾಗ ಇದೆಂಥ ಹೊಸ ವರ್ಷ, ಬೆಳಗಾಗೆದ್ದು ಮನೆಗೆ ಮಸಿ ಎಂದು ಅಜ್ಜಿ ಗೊಣಗುತ್ತಿದ್ದಳು.

ನಾನು ಅಪ್ಪನ ಬಣ್ಣವೇ. ಹೊನ್ನಾಳಿಯಿಂದ, ಆಮೇಲೆ ಜಗಳೂರಿನಿಂದ ನನ್ನನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು, ಊರಿಗೆ ಹೋಗಿ, ಹುಡುಗಿಯ ಬಣ್ಣ ಒಂಚೂರು ಕಡಿಮೆ ಎಂದು ಕಾಗದ ಬರೆದಿದ್ದರು. ಹೊರಗೆ ನಗುತ್ತಿದ್ದೆ, ಒಳಗೆ ಬಹಳ ಅತ್ತಿದ್ದೇನೆ. ಮೂರನೆಯವರು ಚನ್ನಗಿರಿಯವರು. ಅವರು ಬರುವುದು ಜನವರಿ ಒಂದಕ್ಕೆ ಎಂದು ಗೊತ್ತಾಗಿತ್ತು. ಈ ಸಲವೂ ಬೇಡವೆಂದರೆ ಇನ್ನು ಯಾರ ಮುಂದೆಯೂ ತಟ್ಟೆ ಹಿಡಿದು ನಿಲ್ಲುವುದಿಲ್ಲ ಎಂದು ಅಮ್ಮನಿಗೆ ಹೇಳಿಬಿಟ್ಟಿದ್ದೆ.

ಆ ದಿನ ಹಾಲಿನವನಿಗೆ ಜ್ವರ. ಅವನ ಹೆಂಡತಿ ಬಂದು ಹಿತ್ತಲಲ್ಲೇ ಹಾಲು ಕೊಟ್ಟು ಹೋದಳು. ಅಪ್ಪ ಇದ್ದಿಲು ಇಟ್ಟುಕೊಂಡು ಬೀದಿ ಕಾಯುತ್ತಿದ್ದಂತೆ, ಸವಳಂಗದಲ್ಲಿ ಬಸ್ಸು ಬದಲಿಸಿ ಹುಡುಗ ಮತ್ತು ಅವನ ತಾಯಿ ಬಂದೇಬಿಟ್ಟರು. ತಾಯಿ ಮುಂದೆ, ಮಗ ಹಿಂದೆ. ಅಪ್ಪ ಬಾಗಿಲಿಗೆ ಅಡ್ಡ ನಿಂತು, ಒಂದು ನಿಮಿಷ ತಡೆಯಿರಿ ಎಂದು ಹುಡುಗನ ಮುಖ ನೋಡಿದರು. ಹಾಲಿನವನಿಗಿಂತ ಒಂದು ಕೈ ಮೇಲು. ಅಪ್ಪನಿಗೆ ಹಿಡಿಸಲಾರದಷ್ಟು ಖುಷಿ. ಬಿಳಿ ಅಂಗಿ ತೊಟ್ಟಿದ್ದ ಆ ಹುಡುಗನ ಒಂದು ಕೈಗೆ ಇದ್ದಿಲು, ಇನ್ನೊಂದಕ್ಕೆ ರೊಟ್ಟಿ, ಉಪ್ಪು ಕೊಟ್ಟು, ಕಪ್ಪಗಿರುವವರು ಮೊದಲು ಬಂದರೆ ಮನೆಗೆ ಒಳ್ಳೆಯದೆಂದು ಇಂಗ್ಲಿಷರ ಪದ್ಧತಿಯನ್ನು ಪಾಠದಂತೆ ಬಿಡಿಸಿ ಹೇಳಿ ಒಳಗೆ ಕರೆದುಕೊಂಡರು. ಹೆಣ್ಣು ನೋಡಲು ಬಂದ ವರನನ್ನು ಹೊಸ್ತಿಲಲ್ಲೇ ಕರಿಯನೆಂದ ಮಾವ ನಮ್ಮ ಸೀಮೆಯಲ್ಲಿ ಇನ್ನೊಬ್ಬರಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಾನು ಎಲ್ಲ ಮುಗಿಯಿತೆಂದುಕೊಂಡೆ.

ತಾಯಿ ಮಾತ್ರ ಇನ್ನೂ ಹೊರಗೇ ನಿಂತಿದ್ದರು.

"ಹೆಂಗ್ಸು ಮೊದ್ಲು ಬಂದ್ರೆ ಏನಾಗ್ತೈತ್ರಿ ಮೇಷ್ಟ್ರೇ?" ಎಂದು ಕೇಳಿದರು.

ಉತ್ತರ ಮನೆಯವರಿಗೆಲ್ಲ ಗೊತ್ತಿತ್ತು. ಆ ಪುಸ್ತಕದ ಮಾತಿಗೆ ಅಪ್ಪ ಒಂದು ದಿನವೂ ಎದುರಾಡಿದವರಲ್ಲ. ಅವರು ನನ್ನ ಕಡೆ ತಿರುಗಿ ನೋಡಿದರು.

"ಕೇಡು ಅಂತ ಬರ್ದಾರ್ರಿ. ಅದೊಂದ್ರಾಗೆ ಇಂಗ್ಲಿಷರು ದಡ್ರು. ನಮ್ಮನಿಗೆ ಒಳ್ಳೇದಾಗಿದ್ದೆಲ್ಲ ಈ ಕರೀ ಹುಡುಗಿ ಬಂದ್ಮ್ಯಾಲೇನೆ."

ಆ ತಾಯಿ ಒಳಗೆ ಬಂದರು. ಕೂರಲಿಲ್ಲ. ಸೀದಾ ಅಡುಗೆಮನೆಯ ಬಾಗಿಲಿಗೆ ಬಂದು, ನನ್ನ ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆಯನ್ನು ಇಸಿದುಕೊಂಡು ಪಕ್ಕಕ್ಕಿಟ್ಟರು. ಊರಿಗೆ ಹೋಗಿ ಕಾಗದ ಬರೆಯುತ್ತೇವೆ ಎನ್ನಲಿಲ್ಲ. ಅವರೂ ನನ್ನ ಬಣ್ಣವೇ ಎಂಬುದನ್ನು ನಾನು ಆಗ ನೋಡಿದೆ.

"ನನ್ನ ನೋಡಾಕೆ ಬಂದಾಗ ಹಿಂಗೆ ಒಂದು ಮಾತು ಆಡಾಕೆ ನಮ್ಮಪ್ಪಗೆ ಬಾಯೇ ಬರ್ಲಿಲ್ಲವ್ವ" ಎಂದರು.