ಮೈಕಕ್ಕನ ದನಿ ಊರ ಪಾಲಾದದ್ದು

ಮೈಕಕ್ಕ ಈಗ ಮೈಕಿನ ಮುಂದೆ ಕೂರುವುದಿಲ್ಲ. ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ವಿದ್ಯಾರ್ಥಿಗಳ ಬಸ್ ಪಾಸಿಗೆ ಫೋಟೊ ಅಂಟಿಸುತ್ತಾಳೆ, ಸೀಲು ಒತ್ತುತ್ತಾಳೆ. ಯಾರಾದರೂ ಏನಾದರೂ ಕೇಳಿದರೆ ತಲೆಯಾಡಿಸುತ್ತಾಳೆ, ಇಲ್ಲವೇ ಕೈ ತೋರಿಸುತ್ತಾಳೆ. ಇಡೀ ಬಸ್ ನಿಲ್ದಾಣವನ್ನು ಬಾಯಲ್ಲೇ ಆಳಿದವಳು ಅವಳು. ಹೊಸದಾಗಿ ಕೆಲಸಕ್ಕೆ ಸೇರಿದವರು ಅವಳಿಗೆ ಮಾತೇ ಬರುವುದಿಲ್ಲ ಎಂದುಕೊಂಡಿದ್ದಾರೆ. ಒಬ್ಬೊಬ್ಬರಿಗೂ ವಿಷಯ ಹೇಳಿ ಹೇಳಿ ನನಗೂ ಸಾಕಾಗಿದೆ. ಅದಕ್ಕೇ ಒಂದೇ ಸಲ ಬರೆದಿಟ್ಟುಬಿಡುತ್ತೇನೆ.

ನಮ್ಮದು ನಿಲ್ದಾಣದ ತುದಿಯಲ್ಲಿ ಒಂದೇ ಕೋಣೆ, ನಡುವೆ ಎದೆಯೆತ್ತರದ ಹಲಗೆ. ಈ ಕಡೆ ನನ್ನ ಪಾಸ್ ಕೌಂಟರು. ಆ ಕಡೆ ಅವಳ ಮೈಕು, ಬಸ್ಸುಗಳ ವೇಳಾಪಟ್ಟಿ, ಗೋಡೆಗೆ ಹೊಡೆದ ಸ್ವಿಚ್ಚುಗಳ ಸಾಲು. ಒಂದೊಂದು ಸ್ವಿಚ್ಚಿಗೂ ನಿಲ್ದಾಣದ ಒಂದೊಂದು ಮೂಲೆಯ ಸ್ಪೀಕರು. ವಯಸ್ಸಿನಲ್ಲಿ ಅವಳು ನನಗಿಂತ ಎಷ್ಟೋ ಚಿಕ್ಕವಳು. ಆದರೆ ಡ್ರೈವರು, ಕಂಡಕ್ಟರು, ಕಸ ಗುಡಿಸುವವರು, ಕೊನೆಗೆ ಜೇಬುಗಳ್ಳರು ಕೂಡ ಮೈಕಕ್ಕ ಎನ್ನುವಾಗ ನಾನೊಬ್ಬ ತಂಗಿ ಎಂದರೆ ಚೆನ್ನಾಗಿರುತ್ತದೆಯೇ? ನಾನೂ ಅಕ್ಕ ಎಂದೆ. ಅವಳು ನನ್ನನ್ನು ಅಣ್ಣ ಎಂದಳು. ಲೆಕ್ಕ ಸರಿಹೋಯಿತು.

ಬಸ್ಸು ಹೇಳುವುದರಲ್ಲಿ ಅವಳದೇನೂ ಹೆಚ್ಚುಗಾರಿಕೆ ಇರಲಿಲ್ಲ. 'ಪ್ರಯಾಣಿಕರ ಗಮನಕ್ಕೆ' ಎಂದು ಶುರು ಮಾಡಿ 'ಹೊರಡಲು ಸಿದ್ಧವಾಗಿದೆ' ಎಂದು ಮುಗಿಸುತ್ತಿದ್ದಳು. ಅಲ್ಲಿ ಯಾರು ಕೂತರೂ ಅಷ್ಟೇ. ಮಗು ಕಳೆದುಹೋದಾಗ ಮಾತ್ರ ಅವಳ ರೀತಿಯೇ ಬೇರೆ. ಅದಕ್ಕೂ ಕಚೇರಿಯವರು ಒಂದು ವಾಕ್ಯ ಬರೆದುಕೊಟ್ಟಿದ್ದರು: ಇಂಥ ಬಣ್ಣದ ಉಡುಪು ಧರಿಸಿರುವ ಮಗು ಎಲ್ಲಿದ್ದರೂ ವಿಚಾರಣಾ ಕೊಠಡಿಗೆ ಬರತಕ್ಕದ್ದು.

"ಅಲ್ಲ ಅಣ್ಣ, ಮೂಗು ಒರೆಸ್ಕೊಳ್ಳೋಕೆ ಬರದ ಕೂಸಿಗೆ ವಿಚಾರಣೆ ಯಾವುದು, ಕೊಠಡಿ ಯಾವುದು? ಬರತಕ್ಕದ್ದಂತೆ! ಇದನ್ನ ಬರೆದೋರಿಗೆ ಮಕ್ಕಳಿದ್ದಾರೋ ಇಲ್ವೋ," ಎಂದು ಆ ಹಾಳೆಯನ್ನು ಮಡಚಿ ಮೇಜಿನ ಅಲುಗಾಡುವ ಕಾಲಿನ ಕೆಳಗೆ ಇಟ್ಟಿದ್ದಳು.

ಅವಳು ಮಾಡುತ್ತಿದ್ದದ್ದು ಇಷ್ಟು. ಮೊದಲು ತಾಯಿಯನ್ನು ಒಳಗೆ ಕರೆದು ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, ಒಂದು ಕೈಯಲ್ಲಿ ಅವಳ ಕೈ ಹಿಡಿದುಕೊಳ್ಳುವುದು. ಇನ್ನೊಂದು ಕೈಯಿಂದ ಸ್ವಿಚ್ಚುಗಳನ್ನೆಲ್ಲ ಆರಿಸಿ, ನಮ್ಮ ಕಿಟಕಿಯ ಮೇಲಿದ್ದ ಸ್ಪೀಕರೊಂದನ್ನೇ ಉಳಿಸುವುದು. ಗದ್ದಲದ ನಿಲ್ದಾಣ ಫಕ್ಕನೆ ತಣ್ಣಗಾಗುತ್ತಿತ್ತು. ಆಮೇಲೆ ಜನರನ್ನು ಬಿಟ್ಟು ಮಗುವಿನ ಜೊತೆಗೇ ಮಾತಾಡುತ್ತಿದ್ದಳು: "ಕಂದಾ, ಹೆದರ್ಬೇಡ. ಅಮ್ಮ ನನ್ನ ಪಕ್ಕದಲ್ಲೇ ಇದ್ದಾಳೆ. ನನ್ನ ದನಿ ಎಲ್ಲಿ ಜೋರಾಗಿ ಕೇಳುತ್ತೋ ಆ ಕಡೆ ನಡ್ಕೊಂಡು ಬಾ." ಸ್ಪೀಕರು ಒಂದೇ, ದನಿ ಒಂದೇ, ದಾರಿಯೂ ಒಂದೇ. ತಂದಿಟ್ಟ ಚಹಾ ಆರುವುದರೊಳಗೆ ಕಿಟಕಿಯ ಕೆಳಗೆ ಒಂದು ಪುಟ್ಟ ತಲೆ ಕಾಣಿಸುತ್ತಿತ್ತು. ನಾನೇ ಎಷ್ಟು ಸಲ ನೋಡಿದ್ದೇನೆ. ಪ್ರತಿ ಸಲವೂ ಕಣ್ಣು ಒದ್ದೆಯಾಗುತ್ತಿತ್ತು, ಪ್ರತಿ ಸಲವೂ ಅಂಟಿನ ಘಾಟು ಎಂದು ಸುಳ್ಳು ಹೇಳುತ್ತಿದ್ದೆ.

ಒಂದು ದಿನ ಯಾರೋ ಪುಣ್ಯಾತ್ಮ ಅದನ್ನು ಫೋನಿನಲ್ಲಿ ಹಿಡಿದ. ಇನ್ಯಾರೋ ಅದರ ಕೆಳಗೆ ಡೋಲಿನ ಬಡಿತ ಸೇರಿಸಿದ. ಅದು ನಮಗೆ ಗೊತ್ತಾದದ್ದು ಅವಳ ಮಗಳಿಂದ. ಮಗಳು ಎದುರು ಬೀದಿಯ ಪಾದರಕ್ಷೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಕಾಲಿಗೆ ಚಪ್ಪಲಿ ತೊಡಿಸುವುದರ ಜೊತೆಗೆ ಅಂಗಡಿಯ ಹೆಸರಿನಲ್ಲಿ ಚಿಕ್ಕ ಚಿಕ್ಕ ವಿಡಿಯೋ ಮಾಡಿ ಹಾಕುವುದೂ ಅವಳದೇ ಕೆಲಸ. ಮಧ್ಯಾಹ್ನ ಊಟದ ಹೊತ್ತಿಗೆ ಓಡಿಬಂದಳು.

"ಅಮ್ಮಾ, ನೀನು ಟ್ರೆಂಡಿಂಗ್ ಕಣೇ!"

"ಹಾಗಂದ್ರೆ ಏನು ರೋಗ?" ಎಂದಳು ತಾಯಿ.

ಮಗಳು ಫೋನು ಹಿಡಿದು ತೋರಿಸಿದಳು. ಡೋಲು ಸೇರಿ ಹಾಡಾಗಿದ್ದ ಮೈಕಕ್ಕನ ಕರೆ, ಅದರ ಹೆಸರಿನ ಪಕ್ಕ ಮೇಲಕ್ಕೆ ನೋಡುವ ಒಂದು ಪುಟ್ಟ ಬಾಣ. ಆ ಬಾಣವಿರುವ ಸೌಂಡನ್ನು ಹಾಕಿಕೊಂಡರೆ ನಮ್ಮ ವಿಡಿಯೋ ಕೂಡ ಓಡುತ್ತದಂತೆ. ಏನು ತೋರಿಸುತ್ತೀವಿ ಅನ್ನುವುದು ಆಮೇಲೆ, ಮೊದಲು ಬಾಣ ನೋಡಬೇಕಂತೆ. ಒಬ್ಬ ಸೋಫಾದ ಸಂದಿಯಲ್ಲಿ ಬಿದ್ದ ಟಿವಿ ರಿಮೋಟನ್ನು ಮೈಕಕ್ಕನ ದನಿಯಲ್ಲಿ ಕರೆಯುತ್ತಿದ್ದ. ಒಬ್ಬಳು ಮನೆಗೆ ಬಾರದ ಗಂಡನನ್ನು ಕರೆಯುತ್ತಿದ್ದಳು. ಬೋಳುತಲೆಯ ಒಬ್ಬ ಮಹಾಶಯ ಕನ್ನಡಿ ಮುಂದೆ ಬಾಚಣಿಗೆ ಹಿಡಿದು ತನ್ನ ಕೂದಲನ್ನು ಕರೆಯುತ್ತಿದ್ದ: ಕಂದಾ, ಹೆದರ್ಬೇಡ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ, ಏಕೆಂದರೆ ನನ್ನ ತಲೆಯ ಸ್ಥಿತಿಯೂ ಅದೇ. ಮಗಳೂ ಒಂದು ಮಾಡಿದ್ದಳು. ಒಂಟಿ ಬೂಟೊಂದು ತನ್ನ ಜೋಡಿಗಾಗಿ ಕಾಯುವುದು, ಜೋಡಿ ಬೂಟು ಅಂಗಡಿಯ ಮೆಟ್ಟಿಲು ಹತ್ತಿ ಕುಪ್ಪಳಿಸುತ್ತ ಬರುವುದು. ಅಂಗಡಿಯ ವಿಡಿಯೋಗಳಲ್ಲೆಲ್ಲ ಹೆಚ್ಚು ಜನ ನೋಡಿದ್ದು ಅದನ್ನೇ.

ಮೈಕಕ್ಕ ಹಿಗ್ಗಿದಳು, ಸುಳ್ಳು ಯಾಕೆ ಹೇಳಲಿ. ಅವತ್ತು ಇಡೀ ಕಚೇರಿಗೆ ಚಹಾ ಕೊಡಿಸಿದಳು. ಸಾಹೇಬರು ಬಂದು ಅವಳ ಜೊತೆ ಫೋಟೊ ತೆಗೆಸಿಕೊಂಡರು. ಇಷ್ಟು ವರ್ಷ ಅವರು ನಮ್ಮ ಕೋಣೆಗೆ ಬಂದಿದ್ದು ಫ್ಯಾನು ಯಾಕೆ ತಿರುಗುತ್ತಿದೆ ಎಂದು ಕೇಳಲು ಮಾತ್ರ.

ಆಮೇಲೆ ಶುರುವಾಯಿತು ಕಾಟ. ಬಸ್ಸಿಗೆ ಕಾಯುವವರು ಕಿಟಕಿಗೆ ಮುಗಿಬಿದ್ದು, "ಅಕ್ಕಾ, ಒಂದೇ ಒಂದು ಸಲ ಹೇಳಿ," ಎನ್ನುವುದು. "ಮಗು ಎಲ್ರೀ ಕಳೆದಿದೆ? ಯಾರನ್ನ ಕರೀಲಿ, ನಿಮ್ಮನ್ನಾ?" ಎಂದು ಅವಳು ರೇಗುವುದು, ಅದನ್ನೂ ಅವರು ಹಿಡಿದುಕೊಂಡು ಹೋಗುವುದು. ನಿಲ್ದಾಣದ ಬೆಂಚುಗಳ ಮೇಲೆ, ಬಸ್ಸಿನ ಬಾಗಿಲುಗಳಲ್ಲಿ, ಶೌಚಾಲಯದ ಸಾಲಿನಲ್ಲಿ ಕೂಡ ಅವಳದೇ ದನಿ. ಹಲಗೆಯ ಆ ಕಡೆ ಅವಳು ಬಾಯಿ ಮುಚ್ಚಿಕೊಂಡು ಕೂತಿದ್ದರೂ ಹೊರಗಿನಿಂದ ಅವಳ ಮಾತು ಕೇಳುತ್ತಲೇ ಇರುತ್ತಿತ್ತು.

ಅಷ್ಟರಲ್ಲಿ ಒಂದು ಮಗು ತಪ್ಪಿಸಿಕೊಂಡಿತು. ಅವಳು ಎಂದಿನಂತೆ ಸ್ವಿಚ್ಚು ಆರಿಸಿ, "ಕಂದಾ" ಎಂದಿದ್ದೇ ತಡ, ನಿಲ್ದಾಣದಲ್ಲಿ ನಗು ಎದ್ದಿತು. ಯಾರೋ ಬಾಯಲ್ಲೇ ಡೋಲು ಬಡಿದರು. ಪುಣ್ಯಕ್ಕೆ ಮಗು ನಮ್ಮ ಗೋಡೆಯ ಪಕ್ಕದಲ್ಲೇ ಇತ್ತು, ಬಂದುಬಿಟ್ಟಿತು. ಆದರೆ ಮೈಕಕ್ಕನ ಮುಖ ಸುಟ್ಟ ಹಾಗಾಗಿತ್ತು.

"ಮಾತು ಬದಲಾಯಿಸಿಬಿಡಿ ಅಕ್ಕ," ಎಂದೆ ನಾನು. "ಬೇರೆ ಏನಾದ್ರೂ ಹೇಳಿ."

"ನಾನ್ಯಾಕೆ ಬದಲಾಯಿಸ್ಲಿ? ಅದು ನನ್ನ ಮಾತು. ಕದ್ದೋರು ಬಿಡ್ಲಿ."

"ಬಾಣ ಇನ್ನೇನು ಇಳಿದುಬಿಡುತ್ತಮ್ಮ, ಸ್ವಲ್ಪ ದಿನ ತಡ್ಕೋ," ಎಂದಳು ಮಗಳು. "ಹೊಸ ಸೌಂಡ್ ಬಂದ್ರೆ ನಿನ್ನನ್ನ ಯಾರೂ ಮೂಸಿ ಕೂಡ ನೋಡಲ್ಲ."

ಆ ಸ್ವಲ್ಪ ದಿನ ಮುಗಿಯುವ ಮೊದಲೇ ಶಾಲೆಗಳಿಗೆ ರಜೆ ಬಂತು. ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಧ್ಯಾಹ್ನ ಒಬ್ಬ ಹೆಂಗಸು ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ನಮ್ಮ ಬಾಗಿಲಿಗೆ ಬಂದು ಬಿದ್ದಳು. ಹೂವಿನ ಫ್ರಾಕಿನ ಮಗಳು, ಒಂದನೇ ತರಗತಿಗೆ ಇನ್ನೂ ಸೇರಿಲ್ಲ. ನೀರಿನ ಬಾಟಲಿಗೆ ಚಿಲ್ಲರೆ ತೆಗೆಯಲು ಕೈ ಬಿಟ್ಟಿದ್ದಳಂತೆ, ಅಷ್ಟೇ.

ಮೈಕಕ್ಕ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದಳು, ಕೈ ಹಿಡಿದಳು, ಸ್ವಿಚ್ಚುಗಳನ್ನು ಆರಿಸಿದಳು. "ಕಂದಾ, ಹೆದರ್ಬೇಡ. ಅಮ್ಮ ನನ್ನ ಪಕ್ಕದಲ್ಲೇ ಇದ್ದಾಳೆ..."

ನಿಲ್ದಾಣ ತಣ್ಣಗಾಗಲಿಲ್ಲ. ಹೋ ಎಂದಿತು. ಕೈಗಳು ಮೇಲೆದ್ದವು, ಕೈಗಳಲ್ಲಿ ಫೋನುಗಳು. ನಿಜವಾದ ಮೈಕಕ್ಕ ನಿಜವಾಗಿ ಹೇಳುವುದನ್ನು ಹಿಡಿಯುವ ಭಾಗ್ಯ ಮತ್ತೆ ಬರುತ್ತದೆಯೇ? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಅವಳು ಮತ್ತೆ ಹೇಳಿದಳು. ಮತ್ತೆ ಮತ್ತೆ ಹೇಳಿದಳು. ಮೈಕನ್ನು ಕೈಯಲ್ಲಿ ಮುಚ್ಚಿ, "ಅಣ್ಣಾ, ಮಗು ಬರ್ತಿಲ್ಲ. ಹೊರಗೆ ಹೋಗಿ ನೋಡು," ಎಂದಳು. ಆ ಗೊಗ್ಗರು ದನಿ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ನಾನು ಹೊರಗೆ ಓಡಿದೆ. ಆಗ ನನಗೆ ಅರ್ಥವಾಯಿತು. ಬೆನ್ನ ಹಿಂದೆ ನಮ್ಮ ಕಿಟಕಿಯಿಂದ ಮೈಕಕ್ಕ ಕರೆಯುತ್ತಿದ್ದಳು. ಬಲಗಡೆ ಬೆಂಚಿನಿಂದ ಮೈಕಕ್ಕ ಕರೆಯುತ್ತಿದ್ದಳು. ಹೊರಡಲು ನಿಂತ ಬಸ್ಸಿನೊಳಗಿನಿಂದ, ಕಂಬದ ಹಿಂದಿನಿಂದ, ಹಣ್ಣಿನ ಗಾಡಿಯ ಆಚೆಯಿಂದ ಮೈಕಕ್ಕ ಕರೆಯುತ್ತಿದ್ದಳು. ದಿನವಿಡೀ ಅವಳ ಪಕ್ಕದಲ್ಲಿ ಕೂರುವ ನನಗೇ ಯಾವ ಕಡೆ ತಿರುಗಬೇಕೆಂದು ತಿಳಿಯಲಿಲ್ಲ. ಆ ಮಗು ಏನು ಮಾಡಬೇಕಿತ್ತು? ಫೋನು ಆರಿಸಿರೋ ಎಂದು ಕೂಗಿದೆ, ಬಾಯಿಗೆ ಬಂದ ಹಾಗೆ ಬೈದೆ. ಒಬ್ಬ ನನ್ನನ್ನೂ ವಿಡಿಯೋ ಮಾಡಿಕೊಂಡ.

ಪೊಲೀಸಿನವರು ಬಂದರು. ಶೌಚಾಲಯ, ಗೋದಾಮು, ಬಸ್ಸುಗಳ ಅಡಿ ಎಲ್ಲ ಹುಡುಕಿದೆವು. ತಾಯಿ ಅಳುವುದನ್ನೂ ಬಿಟ್ಟು ಗೋಡೆ ನೋಡುತ್ತ ಕೂತಿದ್ದಳು. ಮೈಕಕ್ಕ ಅವಳ ಕೈ ಬಿಡಲಿಲ್ಲ, ಹೇಳುವುದನ್ನೂ ನಿಲ್ಲಿಸಲಿಲ್ಲ. ವಿಷಯ ತಿಳಿದು ಜನರೆಲ್ಲ ಫೋನು ಆರಿಸಿದ ಮೇಲೆ ಅವಳ ದನಿಯೊಂದೇ ನಿಲ್ದಾಣದಲ್ಲಿ ಉಳಿಯಿತು. ಆಗ ಅದನ್ನು ಕೇಳಲು ಆ ಮಗು ಅಲ್ಲಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ನನ್ನ ಕೌಂಟರಿನ ಫೋನು ರಿಂಗಾಯಿತು. ದೂರದ ಊರಿನ ಬಸ್ಸೊಂದರ ಕಂಡಕ್ಟರು. ಹಿಂದಿನ ಸೀಟಿನಲ್ಲಿ ಕಾಲೇಜು ಹುಡುಗಿಯರ ಗುಂಪು, ಬಸ್ಸು ಹತ್ತುವಾಗಿನಿಂದ ಅದೇ ಸೌಂಡು ಹಾಕಿಕೊಂಡು ವಿಡಿಯೋ ಮಾಡುತ್ತಿದ್ದರಂತೆ. ಅವರ ಬೆನ್ನಿಗೇ ಹತ್ತಿದ ಮಗು ಅವರ ಕಾಲ ಬಳಿ ಕೂತಿತ್ತು. ಯಾರದೋ ಮಗು ಎಂದು ಅವರು ಸುಮ್ಮನಿದ್ದರು, ಅವರ ಜೊತೆಯದು ಎಂದು ಉಳಿದವರು ಸುಮ್ಮನಿದ್ದರು. ಹುಡುಗಿಯರು ಇಳಿದುಹೋದ ಮೇಲೆ ಅದು ಅಳಲು ಶುರು ಮಾಡಿತಂತೆ.

"ಗಟ್ಟಿಮುಟ್ಟಾಗಿದೆ ಸಾರ್, ಏನೂ ಆಗಿಲ್ಲ. ಇಲ್ಲಿನ ಡಿಪೋದಲ್ಲಿ ಕೂರಿಸಿದ್ದೀನಿ," ಎಂದ ಕಂಡಕ್ಟರು.

ತಾಯಿ ಫೋನು ಕಿತ್ತುಕೊಂಡಳು. ಅತ್ತಳು, ಬೈದಳು, ಮುದ್ದು ಮಾಡಿದಳು, ಮತ್ತೆ ಅತ್ತಳು. ಆಮೇಲೆ ಮೈಕಕ್ಕನ ಕಡೆ ತಿರುಗಿ, "ನೀವೂ ಒಂದು ಮಾತಾಡಿ ಅಕ್ಕ. ಎಷ್ಟೊಂದು ಕರೆದಿರಿ," ಎಂದು ಫೋನು ಕೊಟ್ಟಳು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಳು.

ಮೈಕಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಕಂದಾ," ಎಂದಳು.

ಆ ಕಡೆ ಮಗುವಿನ ಬಿಕ್ಕು ನಿಂತಿತು. ನಾನು ಹಲಗೆಗೆ ಒರಗಿ ನಿಂತಿದ್ದೆ, ಆ ಎಳೆಯ ದನಿ ನನಗೂ ಕೇಳಿಸಿತು.

"ಅಮ್ಮ ನಿನ್ನ ಪಕ್ಕದಲ್ಲಿದ್ದಾಳೆ ಅಂದೆ ನೀನು. ನಾನು ಬಂದೆ. ಅಮ್ಮ ಇರ್ಲೇ ಇಲ್ಲ."

ಮೈಕಕ್ಕನ ಪಕ್ಕದಲ್ಲೇ ಆ ತಾಯಿ ಇನ್ನೂ ಕೂತಿದ್ದಳು. ಮೈಕಕ್ಕ ಅವಳನ್ನೊಮ್ಮೆ ನೋಡಿದಳು, ಮೈಕನ್ನೊಮ್ಮೆ ನೋಡಿದಳು. ಏನೆಂದು ಹೇಳುತ್ತಾಳೆ? ಅದು ನಾನಲ್ಲ ಎಂದೇ? ದನಿ ಅವಳದೇ, ಮಾತೂ ಅವಳದೇ.

"ಹೌದು ಪುಟ್ಟಿ, ಇರ್ಲಿಲ್ಲ," ಎಂದಳು. "ಇನ್ನು ಕರೆಯಲ್ಲ."