ಚೌಳು ಹೊಲದ ಹಳದಿ ಹೂವು

ಆದಿವಾಲ ಊರಿನ ನಮ್ಮ ಪಕ್ಕದ ಹೊಲದಾಕೆ ಏನನ್ನು ಕಂಡರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕತ್ತು ವಾರೆ ಮಾಡಿ, "ನೋಡಾಕೆ ಚೆಂದ ಐತೆ ಬಿಡಣ್ಣ" ಎನ್ನುತ್ತಿದ್ದಳು. ನನ್ನ ಹೊಸ ಟೋಪಿಗೂ ಅದೇ ಮಾತು, ಒಂದೇ ಕಾಯಿ ಬಿಟ್ಟ ಮಾವಿನ ಗಿಡಕ್ಕೂ ಅದೇ. ನಾನಂತೂ ಪ್ರತಿ ಸಲ ಹಿಗ್ಗುತ್ತಿದ್ದೆ.

ಕಾಲುವೆ ನೀರನ್ನು ಆಸೆಬುರುಕರಂತೆ ಹರಿಸಿ ಇಬ್ಬರ ಹೊಲವೂ ಚೌಳಾಗಿ, ಮೇಲೆ ಬಿಳಿ ಉಪ್ಪು ಕೂತಿತ್ತು. ಇಬ್ಬರೂ ಹಸಿರುಗೊಬ್ಬರದ ಗಿಡ ಡಯಂಚ ಬಿತ್ತಿದೆವು. ಹೂ ಬಿಡುವ ಹೊತ್ತಿಗೆ ಅದನ್ನು ಉತ್ತು ಮಣ್ಣಿಗೆ ಸೇರಿಸಿದರೆ ಚೌಳು ಇಳಿಯುತ್ತದೆ. ಆಕೆ ಉತ್ತಳು. ನನಗೆ ಮನಸ್ಸು ಬರಲಿಲ್ಲ. ಆ ಹೊಲದಲ್ಲಿ ಹಸಿರು ಕಂಡು ವರ್ಷಗಳಾಗಿದ್ದವು. ಹಳದಿ ಹೂವಿನ ನಡುವೆ ನಿಂತು ಫೋಟೊ ತೆಗೆಸಿಕೊಂಡೆ, ನೆಂಟರನ್ನು ಕರೆದು ತೋರಿಸಿದೆ.

"ಬಲಿತೋಗ್ತೈತೆ, ಉತ್ತಾಕ್ಬಿಡಣ್ಣ" ಎಂದಳು.

"ಇನ್ನೊಂದ್ವಾರ ಇರ್ಲಿ ಕಣಮ್ಮ" ಎಂದೆ.

ಗಿಡ ಬಲಿತು ಕಟ್ಟಿಗೆಯಾಯಿತು. ನೇಗಿಲಿಗೆ ಬಗ್ಗದೆ, ಕೊನೆಗೆ ಕಡಿದು ಒಲೆಗೆ ಹಾಕಿದೆವು. ಬೇಸಿಗೆಗೆ ಉಪ್ಪು ಮತ್ತೆ ಮೇಲೆದ್ದು, ನನ್ನ ಹೊಲವಿಡೀ ಸುಣ್ಣ ಬಳಿದಂತೆ ಬಿಸಿಲಿಗೆ ಹೊಳೆಯಿತು. ಆಕೆ ಬದುವಿನ ಮೇಲೆ ಬಂದು ನಿಂತಳು. ಸೆರಗು ಸಿಕ್ಕಿಸಿದಳು, ಕತ್ತು ವಾರೆ ಮಾಡಿದಳು. ಆದರೆ ಅವತ್ತು ಬಾಯಿ ಬಿಡಲಿಲ್ಲ.

ಎಷ್ಟು ಹೊತ್ತು ಕಾಯುವುದು? ಕೊನೆಗೆ ನಾನೇ ಅಂದೆ: "ನೋಡಾಕೆ ಚೆಂದ ಐತೆ, ಅಲ್ವೇನಮ್ಮ?"