ಹಿಂದಿನಿಂದ ಕೇಳಿದ ‘ಬಾ ಬಾ’

ಇಂಥ ಕತೆಗಳನ್ನು ಯಾರಾದರೂ ಹೇಳತೊಡಗಿದರೆ ಮೊದಲು ನಗುತ್ತಿದ್ದವನು ನಾನೇ. ಚಿಕ್ಕಂದಿನಲ್ಲಿ ನಮ್ಮ ಹಟ್ಟಿಯ ಹಿರಿಯರು ಒಲೆಯ ಮುಂದೆ ಕೂತು ಹೇಳುತ್ತಿದ್ದ ದೆವ್ವದ ಕತೆಗಳಿಗೂ ನಾನು ಹೆದರಿದ ನೆನಪಿಲ್ಲ. ಮಂಜಿನ ಊರಲ್ಲಿ ಹುಟ್ಟಿದವನಿಗೆ ಮಂಜಿನಲ್ಲಿ ಏನೇನೋ ಕಾಣುವುದು ಹೊಸದಲ್ಲ. ಬೇಲಿಯ ಕಂಬ ಮನುಷ್ಯನಂತೆ ಕಾಣುತ್ತದೆ, ಮನುಷ್ಯ ಕಾಟಿಯಂತೆ, ಕಾಡುಕೋಣದಂತೆ ಕಾಣುತ್ತಾನೆ, ಹತ್ತಿರ ಹೋದರೆ ಎಲ್ಲ ಸರಿಹೋಗುತ್ತದೆ. ಹೀಗೆಂದು ಎಷ್ಟೋ ಜನರಿಗೆ ಬುದ್ಧಿ ಹೇಳಿದ್ದೇನೆ. ಇದನ್ನು ಓದಿದ ಮೇಲೆ ನೀವು ನನಗೆ ಅದೇ ಬುದ್ಧಿ ಹೇಳಬಹುದು. ಹೇಳಿ, ಬೇಸರವಿಲ್ಲ. ಅದು ನಿಜವೆಂದು ಗೊತ್ತಾದರೆ ನನ್ನಷ್ಟು ನೆಮ್ಮದಿಪಡುವವರು ಇನ್ನೊಬ್ಬರಿಲ್ಲ.

ಊಟಿಯ ಒಂದು ಕಚೇರಿಯಲ್ಲಿ ನನ್ನ ಕೆಲಸ, ಮಂಜೂರಿನ ಹತ್ತಿರ ಮನೆ. ಫೋಟೋ ತೆಗೆಯುವುದು ನನ್ನ ಹುಚ್ಚು. ಇದೇ ಹುಚ್ಚಿನ ಏಳೆಂಟು ಜನ ಸೇರಿ ವಾಟ್ಸಾಪ್‌ನಲ್ಲಿ ಒಂದು ಗುಂಪು ಮಾಡಿಕೊಂಡಿದ್ದೇವೆ. ಕೂನೂರಿನವರಿದ್ದಾರೆ, ಗೂಡಲೂರಿನ ಒಬ್ಬ ಮೇಷ್ಟ್ರಿದ್ದಾರೆ. ಹಳೆಯ ಕಾಲದ, ಕೈಯಿಂದಲೇ ಫೋಕಸ್ ಮಾಡಬೇಕಾದ ಲೆನ್ಸುಗಳನ್ನು ಈಗಿನ ಕ್ಯಾಮೆರಾಕ್ಕೆ ಹೊಂದಿಸಿ ತೆಗೆದ ಚಿತ್ರಗಳನ್ನಷ್ಟೇ ಅದರಲ್ಲಿ ಹಾಕಬೇಕು. ಭಾನುವಾರ ಸಂಜೆ ಎಲ್ಲರೂ ಒಂದೊಂದು ಚಿತ್ರ ಹಾಕಿ, ಒಬ್ಬರ ಕಾಲು ಒಬ್ಬರು ಎಳೆಯುವುದು ನಮ್ಮ ವಾರದ ಹಬ್ಬ.

ಗುಂಪಿನಲ್ಲಿ ನನಗೆ ತೀರಾ ಹತ್ತಿರದವನು ಭೋಜ. ಒಟ್ಟಿಗೆ ಶಾಲೆಗೆ ಹೋದವರು ನಾವು. ಅವನಿಗೆ ಸ್ವಲ್ಪ ಟೀ ತೋಟವಿದೆ, ಬಾಯಿ ಮಾತ್ರ ಎಸ್ಟೇಟಿನಷ್ಟು ದೊಡ್ಡದು. ಕೊರಳಿಗೆ ಸದಾ ಒಂದು ಕೆಂಪು ಮಫ್ಲರ್ ಸುತ್ತಿರುತ್ತಾನೆ. ಬಿಸಿಲಿಗೂ ಅದನ್ನು ಬಿಚ್ಚುವುದಿಲ್ಲ.

ಇಲ್ಲಿ ನಮ್ಮ ಒಂದು ಅಭ್ಯಾಸದ ಬಗ್ಗೆ ಹೇಳಬೇಕು. ಹಳೆಯ ಲೆನ್ಸಿನಲ್ಲಿ ಫೋಕಸ್ ತಿರುಗಿಸುವ ಬಳೆ ಊಟಿಯ ಚಳಿಗೆ ಬಿಗಿಯಾಗಿಬಿಡುತ್ತದೆ, ತಿರುಗಿಸಲು ಹೋದರೆ ಮುನಿಸಿಕೊಂಡ ಎಮ್ಮೆಯ ಹಾಗೆ ಅಲ್ಲಾಡುವುದೇ ಇಲ್ಲ. ಅದಕ್ಕೆ ನಾವು ಬಳೆಯನ್ನು ಒಂದು ದೂರಕ್ಕೆ ಇಟ್ಟುಬಿಟ್ಟು, ಕ್ಯಾಮೆರಾಕ್ಕೆ ಕಣ್ಣು ಹಚ್ಚಿಕೊಂಡು ನಾವೇ ಹಿಂದೆ ಮುಂದೆ ಸರಿಯುತ್ತೇವೆ. ಯಾವುದು ಸ್ಪಷ್ಟವಾಗಿದೆಯೋ ಅದರ ಅಂಚಿಗೆ ಕ್ಯಾಮೆರಾದೊಳಗೆ ಸಣ್ಣ ಕೆಂಪು ಗೆರೆ ಮೂಡುತ್ತದೆ. ಮನುಷ್ಯನ ಮುಖದ ಮೇಲೆ ಆ ಗೆರೆ ಬಂತೆಂದರೆ ಗುಂಡಿ ಒತ್ತುವುದು. ಆದರೆ ಕಣ್ಣು ಕ್ಯಾಮೆರಾದಲ್ಲಿಟ್ಟು ಹಿಂದಕ್ಕೆ ನಡೆಯುವವನಿಗೆ ಬೆನ್ನ ಹಿಂದೆ ಏನಿದೆ ಎಂದು ತಿಳಿಯುವುದಿಲ್ಲ. ಆದ್ದರಿಂದ ಇನ್ನೊಬ್ಬ ಹಿಂದೆ ನಿಂತು, ತಿರುವಿನಲ್ಲಿ ಬಸ್ಸನ್ನು ಹಿಂದಕ್ಕೆ ತೆಗೆಸುವ ಕಂಡಕ್ಟರನ ಹಾಗೆ, “ಬಾ... ಬಾ... ನಿಲ್ಲು” ಎಂದು ಹೇಳುತ್ತಾನೆ. ಆ ಕೆಲಸಕ್ಕೆ ನಮ್ಮ ಗುಂಪಿನಲ್ಲಿ ಕಂಡಕ್ಟರ್ ಎಂದೇ ಹೆಸರು. ನನ್ನ ಕಂಡಕ್ಟರ್ ಯಾವಾಗಲೂ ಭೋಜನೇ.

ಆ ವಾರ ಮಂಜಿನಲ್ಲಿ ಒಂದು ಮುಖ ತೆಗೆಯಬೇಕೆಂದು ಗುಂಪಿನಲ್ಲಿ ಮಾತಾಗಿತ್ತು. ಭೋಜ ತನ್ನ ಮುಖವನ್ನೇ ಕೊಡಲು ಒಪ್ಪಿದ. ಮಧ್ಯಾಹ್ನ ಕಳೆದ ಮೇಲೆ ಮಂಜೂರಿನಿಂದಾಚೆ, ಟೀ ತೋಟ ಮುಗಿದು ಹುಲ್ಲಿನ ಗುಡ್ಡ ಶುರುವಾಗುವ ಕಡೆಗೆ ಹೋದೆವು. ರಸ್ತೆಬದಿಯಲ್ಲಿ ಒಂದು ಟೀ ಅಂಗಡಿ. ಅದರ ಪಕ್ಕದಿಂದ ಕಾಲುದಾರಿ ಹಿಡಿದರೆ ಒಂದು ಹುಲ್ಲಿನ ಬಯಲು, ಬಯಲಿನ ಕೊನೆಗೆ ಪ್ರಪಾತ. ಆ ಜಾಗ ನನಗೆ ಹೊಸದೇನಲ್ಲ.

“ನೀ ನಡೆ, ನಾ ಟೀ ಹೇಳಿ ಬತ್ತೆ” ಎಂದು ಭೋಜ ಅಂಗಡಿಗೆ ನುಗ್ಗಿದ. ನಾನೊಬ್ಬನೇ ಮುಂದೆ ಹೋದೆ. ಬಯಲಿಗೆ ಬರುವಷ್ಟರಲ್ಲಿ ಮಂಜು ಕೆಳಗಿನಿಂದ ಏರಿ ಬಂದು, ನನ್ನ ಕಾಲಿನ ಸುತ್ತಲಿನ ಹುಲ್ಲು ಬಿಟ್ಟು ಉಳಿದದ್ದೆಲ್ಲ ಬಿಳಿಯಾಯಿತು. ಪ್ರಪಾತ ಬೆನ್ನ ಹಿಂದೆ ಬಹಳ ದೂರದಲ್ಲಿದೆ ಎಂದು ಗುರುತಿನ ಮೇಲೆ ಅಂದಾಜು ಮಾಡಿಕೊಂಡೇ ನಿಂತಿದ್ದೆ. ಲೆನ್ಸನ್ನು ಎರಡು ಮೀಟರಿಗೆ ಇಟ್ಟು ಕಾದೆ.

ಕಾಲುದಾರಿಯ ಕಡೆಯಿಂದ ಭೋಜ ಬಂದ. ಮೊದಲು ಕೆಂಪು ಮಫ್ಲರ್ ಕಂಡಿತು, ಆಮೇಲೆ ಅವನು. ಏನೂ ಮಾತಾಡದೆ ನನ್ನೆದುರು ಬಂದು ನಿಂತ. ಅವನು ಸುಮ್ಮನಿದ್ದದ್ದು ಆಶ್ಚರ್ಯವೇ, ಆದರೆ ಫೋಟೋಕ್ಕೆಂದು ಗಂಭೀರವಾಗಿದ್ದಾನೆ ಅಂದುಕೊಂಡು ಕ್ಯಾಮೆರಾ ಎತ್ತಿದೆ.

ಕೆಂಪು ಗೆರೆ ಅವನ ಮುಖದ ಮೇಲಿರಲಿಲ್ಲ, ಅವನ ಹಿಂದಿನ ಹುಲ್ಲಿನ ಮೇಲಿತ್ತು. ಅಂದರೆ ಅವನು ತೀರಾ ಹತ್ತಿರವಿದ್ದ. ಒಂದು ಹೆಜ್ಜೆ ಹಿಂದೆ ಸರಿದೆ. ಗೆರೆ ಮತ್ತೆ ಹುಲ್ಲಿನ ಮೇಲೆಯೇ. ಇನ್ನೊಂದು ಹೆಜ್ಜೆ ಸರಿದರೂ ಹಾಗೆಯೇ. ನಾನು ಹಿಂದೆ ಹೋದಂತೆಲ್ಲ ಅವನು ಮುಂದೆ ಬರುತ್ತಿದ್ದ. “ಅಲ್ಲೇ ನಿಲ್ಲು, ಆಟ ಆಡಬೇಡ” ಎಂದು ಗದರಿದೆ. ಅವನು ನಿಲ್ಲಲಿಲ್ಲ. ಮಸುಕಾದ ಮುಖ, ಕೆಳಗೆ ಮಸುಕಾದ ಕೆಂಪು, ಅಷ್ಟೇ ಕಾಣುತ್ತಿತ್ತು. ಬಂದರೆ ಬರಲಿ ಎಂದು ನಡುನಡುವೆ ಗುಂಡಿ ಒತ್ತುತ್ತಲೇ ಇದ್ದೆ.

ಆಗ ಬೆನ್ನ ಹಿಂದಿನಿಂದ ದನಿ ಕೇಳಿತು. “ಬಾ... ಬಾ...”

ಭೋಜನ ದನಿ. ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದು ಹೇಳುವ ಅವನ ರೀತಿಯೇ. ನನಗೆ ಏನೂ ವಿಚಿತ್ರ ಅನಿಸಲಿಲ್ಲ. ಎಷ್ಟು ವರ್ಷಗಳ ಅಭ್ಯಾಸವದು! ಕಂಡಕ್ಟರ್ ಹಿಂದಿದ್ದಾನೆಂದು ಧೈರ್ಯವೇ ಬಂತು. ಅಳುಕುತ್ತಿದ್ದ ಕಾಲು ಸಲೀಸಾಗಿ ಹಿಂದಕ್ಕೆ ಬೀಳತೊಡಗಿತು. “ಬಾ... ಬಾ... ಇನ್ನೊಂಚೂರು ಬಾ...” ನಾನು ಹೋದೆ. ಕೆಂಪು ಗೆರೆ ಹುಲ್ಲನ್ನು ಬಿಟ್ಟು ನಿಧಾನವಾಗಿ ಅವನ ಮಫ್ಲರಿನ ಅಂಚಿಗೆ ಹತ್ತಿತು, ಅಲ್ಲಿಂದ ಗಲ್ಲದ ಕಡೆಗೆ ಏರಿತು. ಇನ್ನೊಂದು ಹೆಜ್ಜೆ ಸರಿದರೆ ಮುಖ ಸ್ಪಷ್ಟವಾಗುತ್ತಿತ್ತು.

ಕಾಲೆತ್ತಿದ್ದೆ. ಆ ಗಳಿಗೆಯಲ್ಲಿ ತಲೆಗೆ ಹೊಳೆಯಿತು. ಭೋಜ ನನ್ನ ಮುಂದಿದ್ದಾನೆ. ಹಿಂದೆ ಕರೆಯುತ್ತಿರುವವನು ಯಾರು?

ಕ್ಯಾಮೆರಾ ಇಳಿಸಿದೆ. ಎದುರಿಗೆ ಯಾರೂ ಇರಲಿಲ್ಲ. ಮಂಜು, ಹುಲ್ಲು, ಅಷ್ಟೇ. ಎತ್ತಿದ ಕಾಲು ಕೆಳಗಿಟ್ಟರೆ ಹಿಮ್ಮಡಿಗೆ ನೆಲ ಸಿಗಲಿಲ್ಲ. ಮಣ್ಣು ಕುಸಿದು ನಾಲ್ಕಾರು ಕಲ್ಲು ಉರುಳಿದವು. ಅವು ಬಿದ್ದ ಸದ್ದು ಕೇಳಿಸಲಿಲ್ಲ. ಹೇಗೆ ಮುಂದಕ್ಕೆ ಬಿದ್ದೆನೋ ಗೊತ್ತಿಲ್ಲ. ಎರಡೂ ಕೈಯಲ್ಲಿ ಹುಲ್ಲು ಹಿಡಿದು ಮಂಡಿಯ ಮೇಲೆಯೇ ತೆವಳಿದೆ. ಹಿಂದೆ ತಿರುಗಿ ನೋಡುವ ಧೈರ್ಯವಾಗಲಿಲ್ಲ, ಮುಂದೆ ನೋಡಲೂ ಹೆದರಿಕೆ. ನನ್ನ ಜೀವಮಾನದಲ್ಲಿ ಅಂಥ ಭಯ ಪಟ್ಟಿಲ್ಲ, ಇನ್ನು ಮುಂದೆ ಪಡುವುದೂ ಬೇಡ.

ಅಂಗಡಿಗೆ ಬಂದಾಗ ಭೋಜ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. ಮಫ್ಲರ್ ಕೊರಳಲ್ಲೇ ಇತ್ತು. ನನ್ನ ಪಾಲಿನ ಟೀ ಗ್ಲಾಸಿನ ಮೇಲೆ ತಟ್ಟೆ ಮುಚ್ಚಿಟ್ಟಿದ್ದರು.

“ಏನ ಆತು? ಮಂಡಿಯೆಲ್ಲ ಮಣ್ಣು?” ಎಂದ.

“ನೀ ಅಲ್ಲಿಗೆ ಬಂದಿದ್ದೆ ಅಲ್ಲ?”

“ಇಲ್ಲೆ. ಮಂಜು ಚೂರು ತೆಳುವಾದ ಮೇಲೆ ಹೋಪೋಂದು ಕೂತಿದ್ದೆ.”

ಅಂಗಡಿಯ ಅಕ್ಕನನ್ನು ನೋಡಿದೆ. “ಇವ ಎತ್ತಗೆ ಹೋಪ? ಕೂತಲ್ಲಿಂದ ಎದ್ದೇ ಇಲ್ಲೆ. ತೋಟಕ್ಕೆ ಕಾಟಿ ಬಂದ ಕತೆ ಹೇಳಿ ಹೇಳಿ ಎನ್ನ ತಲೆ ತಿಂದ. ಟೀ ಆರಿಹೋಚು, ಬೇರೆ ಹಾಕಲಾ?” ಎಂದಳು.

ಎದುರಿಗೆ ಯಾರೋ ಬಂದು ನಿಂತಿದ್ದರೆಂದು ಮಾತ್ರ ಭೋಜನಿಗೆ ಹೇಳಿದೆ. ದನಿಯ ವಿಷಯ ಬಾಯಿಗೆ ಬರಲಿಲ್ಲ, ಹೇಳಿದರೆ ಅದು ಮತ್ತೆ ಕೇಳೀತು ಎಂಬ ಅಂಜಿಕೆ. ಕ್ಯಾಮೆರಾ ತೆಗೆದು ಚಿತ್ರಗಳನ್ನು ತೋರಿಸಿದೆ. ಪ್ರತಿಯೊಂದರಲ್ಲೂ ಸ್ಪಷ್ಟವಾದ ಹುಲ್ಲು, ಅದರ ಮುಂದೆ ಮನುಷ್ಯನೆತ್ತರದ ಒಂದು ಮಸುಕು, ಕೊರಳಿನ ಮಟ್ಟದಲ್ಲಿ ಕೆಂಪು. ಕೊನೆಯದರಲ್ಲಿ ಮಫ್ಲರಿನ ಹೆಣಿಗೆ ಎಳೆ ಎಳೆಯಾಗಿ ಕಾಣುತ್ತಿತ್ತು. ಅದರ ಮೇಲೆ ಮುಖ ಇರಬೇಕಾದಲ್ಲಿ ಮಂಜು. ಭೋಜ ತನ್ನ ಮಫ್ಲರಿನ ತುದಿಯನ್ನು ಹಿಡಿದು ಪರದೆಯ ಪಕ್ಕಕ್ಕೆ ತಂದು ನೋಡಿದ. ಆಮೇಲೆ ಅದನ್ನು ಬಿಚ್ಚಿ ಬೆಂಚಿನ ಮೇಲಿಟ್ಟ. ಅಲ್ಲಿಂದ ಹೊರಡುವಾಗ ಅದನ್ನು ಎತ್ತಿಕೊಳ್ಳಲಿಲ್ಲ.

ಆ ಭಾನುವಾರ, ಏನಾದರೂ ಕಾರಣ ಸಿಕ್ಕೀತೆಂಬ ಆಸೆಯಿಂದ, ಆ ಚಿತ್ರಗಳಲ್ಲಿ ಮೊದಲಿನ ಒಂದನ್ನು ಗುಂಪಿಗೆ ಹಾಕಿದೆ. ಲೆನ್ಸಿನೊಳಗೆ ಬೂಸಲು ಹಿಡಿದಿದೆ ಎಂದು ಒಬ್ಬರು ಬರೆದರು. ಗೂಡಲೂರಿನ ಮೇಷ್ಟ್ರು ಮಾತ್ರ, “ಭೋಜಣ್ಣನನ್ನು ಇಷ್ಟು ಹತ್ತಿರದಿಂದ ಯಾಕೆ ತೆಗೆದಿರಿ? ಒಂದು ಹೆಜ್ಜೆ ಹಿಂದೆ ಹೋಗಬೇಕಿತ್ತು” ಎಂದು ಕೇಳಿದರು. ಅದನ್ನು ಓದಿ ಫೋನ್ ಮಗುಚಿಟ್ಟೆ.

ಬಿಸಿಲು ಬಂದ ಒಂದು ಬೆಳಿಗ್ಗೆ ನಾವಿಬ್ಬರೂ ಮತ್ತೆ ಅಲ್ಲಿಗೆ ಹೋದೆವು. ನನ್ನ ಬೂಟಿನ ಗುರುತುಗಳು ಒದ್ದೆ ಮಣ್ಣಿನಲ್ಲಿ ಹಾಗೆಯೇ ಇದ್ದವು, ಅಂಚಿನವರೆಗೂ. ಎದುರು ಬೇರೆ ಯಾರ ಹೆಜ್ಜೆಯೂ ಇರಲಿಲ್ಲ. ಹೊಟ್ಟೆಯ ಮೇಲೆ ಮಲಗಿ ಕೆಳಗೆ ಇಣುಕಿದೆ. ಒಬ್ಬ ಮನುಷ್ಯ ನಿಲ್ಲಲು ಒಂದು ಬಂಡೆಯೋ, ಮರದ ಬುಡವೋ ಇರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಏನೂ ಇರಲಿಲ್ಲ. ನೇರ ಗೋಡೆ, ತೀರಾ ಕೆಳಗೆ ಕಾಡು. ದನಿ ಬಂದದ್ದು ಆ ಖಾಲಿಯಿಂದ.

ಆಗ ಭೋಜನಿಗೆ ಎಲ್ಲ ಹೇಳಿದೆ. ಎಲ್ಲದಕ್ಕೂ ನಗುವವನು ನಗಲಿಲ್ಲ. “ಇನ್ನು ನಾ ನಿನಗ ಬಾ ಅಂತ ಹೇಳೋದಿಲ್ಲೆ” ಎಂದ.

ಅದು ಏನು ಎಂದು ನನಗೆ ಇವತ್ತಿಗೂ ತಿಳಿಯದು. ಎದುರಿಗಿದ್ದದ್ದೂ ಹಿಂದಿದ್ದದ್ದೂ ಸೇರಿ ನನ್ನನ್ನು ಕೆಡವಲು ಬಂದವೋ, ಇಲ್ಲಾ ಒಂದು ಕೆಡವಲು ಬಂದಾಗ ಇನ್ನೊಂದು ನನಗೆ ಸಂಶಯ ಹುಟ್ಟಿಸಿ ಉಳಿಸಿತೋ, ಎಷ್ಟು ಯೋಚಿಸಿದರೂ ಬಗೆಹರಿಯುವುದಿಲ್ಲ. ಎರಡರಲ್ಲಿ ಒಂದೇ ಇದ್ದಿದ್ದರೆ ಆ ಹೆಜ್ಜೆ ಇಟ್ಟೇಬಿಡುತ್ತಿದ್ದೆ ಎಂಬುದಷ್ಟೇ ಗೊತ್ತು.

ಫೋಟೋ ತೆಗೆಯುವುದನ್ನು ಬಿಟ್ಟಿಲ್ಲ. ಭೋಜ ಈಗಲೂ ನನ್ನ ಕಂಡಕ್ಟರನೇ, ಆದರೆ ಮಾತಾಡುವುದಿಲ್ಲ. ನಾನು ಹಿಂದೆ ಸರಿಯುವಾಗ ನನ್ನ ಸ್ವೆಟರನ್ನು ಬೆನ್ನ ಕಡೆಯಿಂದ ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ. ಮಂಜು ಬಂದ ದಿನ ಮಾತ್ರ, ಹಿಡಿದ ಕೈ ಅವನದೇ ಎಂದು ತಿರುಗಿ ನೋಡದೆ ನಾನು ಒಂದು ಹೆಜ್ಜೆಯನ್ನೂ ಇಡುವುದಿಲ್ಲ.